ಕೂಗಿ ಹೇಳಲಾಗದ ಮಾತು

ಸಾಲ್ಫರ್ಡ್
3 ನವೆಂಬರ್ 2024

ಪ್ರೀತಿಯ ಅತ್ತೆ,

ಕಾಗದ ತಡವಾಯಿತು, ಬೈಯಬೇಡ. ಕೆಮ್ಮು ಜ್ವರ ಬಿಡದೆ ಆಸ್ಪತ್ರೆ ಸೇರಬೇಕಾಯಿತು. ನ್ಯುಮೋನಿಯಾ ಅಂದರು. ಎರಡು ವಾರ ಇಟ್ಟುಕೊಂಡು ಕಳಿಸಿದ್ದಾರೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಅಷ್ಟೆ. ಅಪ್ಪನಿಗೆ ನೆಗಡಿ ಎಂದಷ್ಟೇ ಹೇಳಿದ್ದೇನೆ. ನೀನೂ ಅಷ್ಟೇ ಹೇಳು.

ಅಮ್ಮ ತೀರಿಕೊಂಡ ವರ್ಷ ನನಗೆ ಟೈಫಾಯಿಡ್ ಬಂದಾಗ ನೀನು ಅಂಬಲಿ ಕಾಯಿಸಿ, ಆರಿಸಿ ಆರಿಸಿ ಕುಡಿಸುತ್ತಿದ್ದೆಯಲ್ಲ, ಅದೇ ನೆನಪಾಗುತ್ತಿತ್ತು. ಈ ಇಂಗ್ಲಿಷರ ಊರಲ್ಲಿ ಜ್ವರದವರಿಗೂ ತಣ್ಣನೆಯ ಸ್ಯಾಂಡ್‌ವಿಚ್. ನನ್ನನ್ನು ನೋಡುವ ಡಾಕ್ಟರು ಮೈಸೂರಿನವರು, ಶುಭಾ ಅಂತ. ಒಂದು ದಿನ ಕಾರಿಡಾರಿನಲ್ಲಿ ನಿಂತು ಫೋನಿನಲ್ಲಿ ಮಗಳಿಗೆ ಕನ್ನಡದಲ್ಲಿ ಬೈಯುತ್ತಿದ್ದರು. ಕಿವಿಗೆ ಹಿತವಾಯಿತು. ಆದರೂ ನಾನು ಕನ್ನಡದವನೆಂದು ಹೇಳಿಕೊಳ್ಳಲಿಲ್ಲ. ಯಾಕೋ ಬೇಡವೆನಿಸಿತು.

ಮುಂದಿನ ವಾರದಿಂದ ಕೆಲಸಕ್ಕೆ ಹೋಗುತ್ತೇನೆ. ಅದೇ ಕೆಲಸ, ಕಿವಿ ಕೇಳಿಸದವರಿಗಾಗಿ ಟಿವಿ ಪರದೆಯ ಕೆಳಗೆ ಮಾತುಗಳನ್ನು ಬರೆಯುವುದು. ನಿನಗೆ ಫೋನ್ ಮಾಡಬೇಕೆನಿಸುತ್ತದೆ. ಆದರೆ ನಿನಗೆ ಕೇಳಿಸುವಷ್ಟು ಕೂಗಿದರೆ ಈ ಮನೆಯ ರಟ್ಟಿನಂಥ ಗೋಡೆಗಳಾಚೆ ಎಲ್ಲರಿಗೂ ಕೇಳಿಸುತ್ತದೆ. ಪಕ್ಕದ ಕೋಣೆಯಲ್ಲಿ ಬೆಂಗಳೂರಿನ ಸುಮುಖ್ ಇದ್ದಾನೆ, ಇಲ್ಲಿನ ಕನ್ನಡದವರೆಲ್ಲ ಅವನಿಗೆ ಗೊತ್ತು.

ಹರಿಹರದ ಹುಡುಗಿಯ ಫೋಟೊ ತಲುಪಿತು. ಈಗಲೇ ಬೇಡ ಅತ್ತೆ. ದಯವಿಟ್ಟು ಬೇಡ.

ನಿನ್ನ
ಸಾತ್ವಿಕ್


ದಾವಣಗೆರೆ
26 ನವೆಂಬರ್ 2024

ಸಾತ್ವಿಕನಿಗೆ ಅತ್ತೆ ಸರ್ವಮಂಗಳಳ ಆಶೀರ್ವಾದ.

ಎರಡು ವಾರ ಆಸ್ಪತ್ರೆಯಲ್ಲಿ ಮಲಗಿ ಬಂದವನು "ಅಷ್ಟೆ" ಅಂತ ಬರೆಯುತ್ತಾನೆ. ನಿನ್ನ ಅಷ್ಟೆಗೆ ಬೆಂಕಿ ಹಾಕ. ಮೆಣಸು ಜೀರಿಗೆ ಕುಟ್ಟಿ ಸಾರು ಮಾಡಿಕೊಂಡು ಕುಡಿ. ಎದೆಗೆ ಗಾಳಿ ತಾಕದ ಹಾಗೆ ಬಟ್ಟೆ ಹಾಕಿಕೋ.

ನನ್ನ ಮೆಸ್ಸಿಗೆ ಈ ವರ್ಷ ಊಟಕ್ಕೆ ಬರುವವರು ಒಂಬತ್ತು ಹುಡುಗಿಯರು. ಎಲ್ಲ ಇಂಜಿನಿಯರಿಂಗ್ ಕಾಲೇಜಿನವರು. ಅವರ ಮಾತು ನನಗೆ ಕೇಳಿಸುವುದಿಲ್ಲ, ನನ್ನ ಮಾತು ಅವರು ಕೇಳುವುದಿಲ್ಲ. ಚೆನ್ನಾಗಿ ನಡೆದಿದೆ. ನೀನು ಪರದೆಯ ಕೆಳಗೆ ಬರೆಯುವ ಹಾಗೆ ಈ ಹುಡುಗಿಯರ ಗದ್ದದ ಕೆಳಗೂ ಬರೆಯುವ ಮಿಷನ್ ಇದ್ದರೆ ಕಳಿಸು.

ಮದುವೆ ಬೇಡ ಅಂದರೆ ಏನರ್ಥ? ಹರಿಹರದ ಅಮೂಲ್ಯಾ ಒಳ್ಳೆಯ ಹುಡುಗಿ, ಔಷಧಿ ಅಂಗಡಿಯಲ್ಲಿ ಕೆಲಸ. ಅಲ್ಲಿ ಯಾರಾದರೂ ಇದ್ದಾಳಾ? ಇದ್ದರೆ ಹೇಳಿಬಿಡು. ಬಿಳಿಯಳಾದರೂ ಸರಿ, ರೊಟ್ಟಿ ತಟ್ಟುವುದನ್ನು ನಾನು ಕಲಿಸುತ್ತೇನೆ. ನಿನ್ನಪ್ಪ ಎರಡು ದಿನ ಕೂಗಾಡುತ್ತಾನೆ, ನನಗೇನು ಕೇಳಿಸುತ್ತದೆಯೇ? ಮುಚ್ಚಿಡಬೇಡ. ನೀನು ಮುಚ್ಚಿಟ್ಟದ್ದು ನಿನ್ನ ಅಕ್ಷರದಲ್ಲಿ ಕಾಣುತ್ತದೆ.

ಅತ್ತೆ


ಸಾಲ್ಫರ್ಡ್
15 ಡಿಸೆಂಬರ್ 2024

ಅತ್ತೆ,

ಇದನ್ನು ಒಬ್ಬಳೇ ಇದ್ದಾಗ ಓದು.

ಯಾವ ಹುಡುಗಿಯೂ ಇಲ್ಲ. ನನಗೆ ಎಚ್‌ಐವಿ ಇದೆ. ಆಸ್ಪತ್ರೆಯಲ್ಲಿ ರಕ್ತ ತೆಗೆದಾಗ ಅದನ್ನೂ ಪರೀಕ್ಷೆ ಮಾಡುತ್ತಾರೆ, ಹಾಗೆ ಗೊತ್ತಾಯಿತು. ವೈರಸ್ ಬಹಳ ದಿನದಿಂದ ಮೈಯಲ್ಲಿತ್ತಂತೆ. ನ್ಯುಮೋನಿಯಾ ಬಂದದ್ದೂ ಅದರಿಂದಲೇ. ಇನ್ನು ಕೆಲವು ವಾರ ತಡವಾಗಿದ್ದರೆ ಕಷ್ಟವಿತ್ತು ಅಂದರು.

ಈಗ ಔಷಧಿ ಇದೆ. ದಿನಕ್ಕೊಂದು ಮಾತ್ರೆ, ದುಡ್ಡು ಕೊಡಬೇಕಾಗಿಲ್ಲ. ಬಿಡದೆ ತೆಗೆದುಕೊಂಡರೆ ಎಲ್ಲರ ಹಾಗೆ ಬದುಕಬಹುದು. ಪೂರ್ತಿ ಹೋಗುವುದಿಲ್ಲ. ಆದರೆ ರಕ್ತದಲ್ಲಿ ವೈರಸ್ ಕಾಣದಷ್ಟು ಕಡಿಮೆಯಾಗುತ್ತದೆ, ಆಮೇಲೆ ಮದುವೆಯಾದರೂ ಹೆಂಡತಿಗೆ ಹರಡುವುದಿಲ್ಲ. ಇದೆಲ್ಲ ಡಾಕ್ಟರು ಹೇಳಿದ್ದು. ತಲೆಗೆ ಹೋಗುತ್ತದೆ, ಎದೆಗೆ ಇಳಿಯುವುದಿಲ್ಲ. ಮಾತ್ರೆಯನ್ನು ವಿಟಮಿನ್ ಡಬ್ಬಿಗೆ ಹಾಕಿಟ್ಟಿದ್ದೇನೆ. ಸುಮುಖ್ "ನನಗೂ ಒಂದು ಕೊಡೋ" ಅಂದ. ಅವತ್ತಿಂದ ಡಬ್ಬಿಯನ್ನು ಬ್ಯಾಗಿನಲ್ಲೇ ಹೊತ್ತು ತಿರುಗುತ್ತೇನೆ.

ಹೇಗೆ ಬಂತು ಎಂದು ಕೇಳಬೇಡ. ಅಪ್ಪನಿಗೆ ಹೇಳಬೇಡ. ನಿನಗಲ್ಲದೆ ಯಾರಿಗೂ ಹೇಳಿಲ್ಲ.

ಸಾತ್ವಿಕ್


ಸಾಲ್ಫರ್ಡ್
2 ಫೆಬ್ರವರಿ 2025

ಅತ್ತೆ,

ನಿನ್ನ ಕಾಗದ ಬಂದಿಲ್ಲ. ನನ್ನದು ದಾರಿಯಲ್ಲಿ ಕಳೆದಿರಬೇಕು ಎಂದು ನಂಬಲು ನೋಡುತ್ತೇನೆ. ಮತ್ತೆ, ಕಳೆದಿದ್ದರೆ ಯಾರ ಕೈಗೆ ಸಿಕ್ಕಿತೋ ಎಂದು ಹೆದರುತ್ತೇನೆ. ತಲುಪಿದ್ದರೆ ಅದು ಇನ್ನೂ ದೊಡ್ಡ ಹೆದರಿಕೆ.

ಇಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಕೆಲಸ ಮುಗಿಸಿ ಟ್ರಾಮ್ ಹತ್ತಿ, ಇಳಿಯುವ ಕಡೆ ಇಳಿಯದೆ ಕೊನೆಯ ಸ್ಟಾಪಿನವರೆಗೂ ಹೋಗಿ ವಾಪಸು ಬರುತ್ತೇನೆ. ಮನೆಗೆ ಹೋದರೆ ನಗಬೇಕಾಗುತ್ತದೆ.

ಒಂದು ವಿಷಯ ನಡೆಯಿತು. ಹೋದ ವಾರ ಡಾಕ್ಟರ್ ಶುಭಾ ರಕ್ತದ ರಿಪೋರ್ಟ್ ನೋಡಿ, ವೈರಸ್ ತುಂಬಾ ಇಳಿದಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಬಾಯಿಂದ "ಅಬ್ಬಾ, ಸದ್ಯ" ಅಂತ ಬಂದುಬಿಟ್ಟಿತು. ಅವರು ಟೈಪ್ ಮಾಡುವುದನ್ನು ನಿಲ್ಲಿಸಿದರು.

"ಕನ್ನಡದವರಾ? ಇಷ್ಟು ದಿನ ಹೇಳಲೇ ಇಲ್ಲ!"

"ಹೇಳಿದ್ರೆ ಕನ್ನಡ ಬಳಗದಲ್ಲಿ ಗೊತ್ತಾಗುತ್ತೆ ಅಂತ..."

"ಅಲ್ಲಿಗೆ ನಾನು ಹೋಗೋದು ಹೋಳಿಗೆ ತಿನ್ನೋಕೆ. ಈ ರೂಮಿನ ಮಾತು ಈ ರೂಮಲ್ಲೇ ಇರುತ್ತೆ."

ಆಮೇಲೆ ಅವರು ಕನ್ನಡದಲ್ಲೇ ವಿವರಿಸಿದರು. ವೈರಸ್ ಪೂರ್ತಿ ಹತೋಟಿಗೆ ಬಂದಮೇಲೆ ನನಗೆ ಎರಡು ದಾರಿ. ಹೀಗೇ ದಿನಾ ಮಾತ್ರೆ ನುಂಗುವುದು, ಇಲ್ಲವೇ ಎರಡು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಎರಡು ಇಂಜೆಕ್ಷನ್ ಹಾಕಿಸಿಕೊಳ್ಳುವುದು. ಇಂಜೆಕ್ಷನ್ ಆದರೆ ಡಬ್ಬಿ ಹೊರುವ ಕಷ್ಟವಿಲ್ಲ. ಆದರೆ ತಾರೀಖು ತಪ್ಪಿಸುವ ಹಾಗಿಲ್ಲ. ಯಾವುದು ಒಳ್ಳೆಯದು ಎಂದು ಕೇಳಿದೆ. "ಎರಡೂ ಒಳ್ಳೇದೇ. ಯಾವುದರ ಜೊತೆ ನೀವು ನೆಮ್ಮದಿಯಾಗಿ ಇರ್ತೀರಿ ಅನ್ನೋದು ಮುಖ್ಯ. ಮನೇಲಿ ಯಾರನ್ನಾದ್ರೂ ಕೇಳಿ" ಅಂದರು.

ಕೇಳುತ್ತಿದ್ದೇನೆ ಅತ್ತೆ.

ಸಾತ್ವಿಕ್


ದಾವಣಗೆರೆ
23 ಫೆಬ್ರವರಿ 2025

ಚಿನ್ನಾ,

ಎರಡೂ ಕಾಗದ ತಲುಪಿವೆ. ಮೊದಲನೆಯದಕ್ಕೆ ಉತ್ತರ ಬರೆಯಲು ಕೂತಾಗಲೆಲ್ಲ ಕೈ ಓಡಲಿಲ್ಲ. ಏನೂ ತಿಳಿಯದೆ ಬರೀ ಸಮಾಧಾನ ಬರೆದು ಕಳಿಸುವುದು ಬೇಡ ಎಂದು ನಾನೇ ಸರ್ಕಾರಿ ಆಸ್ಪತ್ರೆಗೆ ಹೋದೆ. ಆ ಕಾಯಿಲೆಯವರಿಗೆ ಮಾತ್ರೆ ಕೊಡುವ ವಿಭಾಗ ಹಿಂಭಾಗದಲ್ಲಿದೆ. ಅಲ್ಲಿ ಸೌಮ್ಯಾ ಅಂತ ಒಬ್ಬ ಹುಡುಗಿ, ಬಂದವರಿಗೆ ತಿಳಿಹೇಳುವುದೇ ಅವಳ ಕೆಲಸ. ನನ್ನ ಕಿವಿಯ ಹತ್ತಿರ ಬಂದು ತಾಳ್ಮೆಯಿಂದ ಹೇಳಿದಳು. ನೀನು ಬರೆದದ್ದೆಲ್ಲ ನಿಜವಂತೆ. ಇಪ್ಪತ್ತು ವರ್ಷದಿಂದ ಮಾತ್ರೆ ನುಂಗಿಕೊಂಡು, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ಹೆಂಗಸೊಬ್ಬಳು ನನ್ನ ಪಕ್ಕದಲ್ಲೇ ಕೂತಿದ್ದಳು. ನೀನು ಬದುಕುತ್ತೀಯ. ಅದಿಷ್ಟು ಗೊತ್ತಾದಮೇಲೆ ನನಗೆ ಬೇರೇನೂ ಬೇಡ.

ಹೇಗೆ ಬಂತು ಎಂದು ಕೇಳುವುದಿಲ್ಲ. ಜ್ವರ ಬಂದವನನ್ನು ಕೂರಿಸಿಕೊಂಡು ಯಾವ ಮಳೆಯಲ್ಲಿ ನೆನೆದೆ ಎಂದು ಯಾರು ಕೇಳುತ್ತಾರೆ?

ಎರಡನೆಯ ಕಾಗದ ಬಂದಮೇಲೆ ಮತ್ತೆ ಹೋಗಿ ಸೌಮ್ಯಾಳನ್ನು ಕೇಳಿದೆ. ನಿನ್ನ ಆ ಇಂಜೆಕ್ಷನ್ ನಮ್ಮ ಸರ್ಕಾರಿ ಆಸ್ಪತ್ರೆಗೆ ಇನ್ನೂ ಬಂದಿಲ್ಲವಂತೆ, ಇಲ್ಲಿ ಮಾತ್ರೆ ಮಾತ್ರ. ನನ್ನನ್ನು ಕೇಳಿದರೆ ನೀನು ಇಂಜೆಕ್ಷನ್ನೇ ತೆಗೆದುಕೋ, ಅಲ್ಲೇ ಇರು. ಊರಿಗೆ ಬರುವ ಯೋಚನೆ ಈ ವರ್ಷ ಬೇಡ.

ಹರಿಹರದವರಿಗೆ ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸಿದ್ದೇನೆ. ಮಂಡಿ ನೋವೆಂದು ಮೆಸ್ ನಿಲ್ಲಿಸಿದೆ. ಉಳಿದಂತೆ ಎಲ್ಲರೂ ಕ್ಷೇಮ.

ಅತ್ತೆ


ಸಾಲ್ಫರ್ಡ್
16 ಮಾರ್ಚ್ 2025

ಅತ್ತೆ,

ಕಾಗದ ತಲುಪಿತು. ನೀನು ಹೇಳಿದ ಹಾಗೆ ಇಂಜೆಕ್ಷನ್ನಿಗೆ ಹೆಸರು ಕೊಟ್ಟಿದ್ದೇನೆ. ಊರಿಗೆ ಬರುವುದಿಲ್ಲ, ಆ ಭಯ ಬೇಡ. ಮಂಡಿ ನೋಡಿಕೋ.

ಸಾತ್ವಿಕ್


ದಾವಣಗೆರೆ
6 ಏಪ್ರಿಲ್ 2025

ಸಾತ್ವಿಕ,

ನಾಲ್ಕು ಸಾಲು ಬರೆಯುವುದಕ್ಕೆ ಅಷ್ಟು ದೂರದಿಂದ ಸ್ಟಾಂಪು ಹಚ್ಚಬೇಕಾ?

ಯುಗಾದಿ ಆಯಿತು. ಒಬ್ಬಳಿಗೆ ಎಷ್ಟು ಹೋಳಿಗೆ ಬೇಕು, ಆದರೂ ರೂಢಿಯಂತೆ ಮಾಡಿದೆ. ಉಳಿದದ್ದನ್ನು ಹಸುವಿಗೆ ಹಾಕಿದೆ. ಬೇವು ಮಾತ್ರ ಈ ಸಲ ಸಾಕಷ್ಟು ತಿಂದೆ.

ಉದ್ದ ಬರೆ. ಟ್ರಾಮಿನಲ್ಲಿ ಯಾರು ಕೂತಿದ್ದರು, ಏನು ಕಂಡಿತು, ಏನಾದರೂ ಸರಿ. ಇಲ್ಲಿ ಈಗ ಓದುವುದಕ್ಕೆ ಬೇಕಾದಷ್ಟು ಹೊತ್ತಿದೆ.

ಅತ್ತೆ


ಸಾಲ್ಫರ್ಡ್
18 ಮೇ 2025

ಅತ್ತೆ,

ಬಹಳ ದಿನ ಬರೆಯಲಿಲ್ಲ. ಸಿಟ್ಟಿತ್ತು. ಕಾಯಿಲೆ ಗೊತ್ತಾದಮೇಲೆ ನನ್ನನ್ನು ಮನೆಗೆ ಬರಬೇಡ ಅಂದೆ ಎಂದುಕೊಂಡಿದ್ದೆ. ಇವತ್ತು ಬೆಳಗ್ಗೆ ಅಪ್ಪ ಫೋನ್ ಮಾಡಿದ್ದರು. ಅವರ ಮಾತನ್ನು ಹಾಗೇ ಬರೆಯುತ್ತೇನೆ.

"ನಿಮ್ಮತ್ತೆಗೆ ಇನ್ನೂ ಕಾಗದ ಬರೀತೀಯೇನು?"

"ಬರೀತೀನಿ. ಯಾಕೆ?"

"ಇನ್ನು ಬೇಡ. ಅವಳಿಗೆ ಏಡ್ಸ್ ಐತಂತೆ. ಊರಿಗೆಲ್ಲ ಗೊತ್ತು. ಅವಳೇ ಬಾಯಿಬಿಟ್ಟು ಒಪ್ಪಿಕೊಂಡಾಳೆ. ನಾನು ಆ ಮನೆ ಹೊಸ್ತಿಲು ತುಳಿಯೋದು ಬಿಟ್ಟೀನಿ. ನೀನು ಬಂದ್ರೂ ಅಲ್ಲಿ ನೀರು ಕುಡೀಬೇಡ."

"ನೀರು ಕುಡಿದ್ರೆ ಅದು ಬರಲ್ಲಪ್ಪ," ಅಂದೆ. ಅಷ್ಟೇ ಅಂದದ್ದು.

ಅತ್ತೆ, ನಿಜ ಹೇಳು. ನಿನಗೂ ಇದೆಯಾ? ಇಲ್ಲದಿದ್ದರೆ ಯಾಕೆ ಹಾಗಂದೆ? ಮೆಸ್ ನಿಂತದ್ದು ಮಂಡಿ ನೋವಿನಿಂದ ತಾನೆ?

ಸಾತ್ವಿಕ್


ದಾವಣಗೆರೆ
8 ಜೂನ್ 2025

ನನ್ನ ಕಂದ,

ನನಗೆ ಏನೂ ಇಲ್ಲ. ಮಂಡಿಯೂ ಚೆನ್ನಾಗಿದೆ.

ಅವತ್ತು ಆಸ್ಪತ್ರೆಯಲ್ಲಿ ಸರದಿಗಾಗಿ ಬೆಂಚಿನ ಮೇಲೆ ಕೂತಿದ್ದೆ. ಎದುರು ಮನೆಯ ಹಾಲಪ್ಪ ಸಕ್ಕರೆ ಕಾಯಿಲೆ ತೋರಿಸಲು ಬಂದವನು ನನ್ನನ್ನು ಕಂಡ. ತಲೆಯ ಮೇಲಿನ ಬೋರ್ಡು ನೋಡಿದ. ನನಗೆ ಕೇಳಿಸಲಿ ಎಂದು ಇಡೀ ವರಾಂಡಕ್ಕೆ ಕೇಳಿಸುವ ಹಾಗೆ ಕೂಗಿದ: "ಮಂಗಳಕ್ಕ, ಇಲ್ಯಾಕೆ ಕುಂತೀರಿ? ಯಾರಿಗೆ ಬಂದೈತಿ?" ಕೇಳಿಸದವಳ ಹಾಗೆ ಕೂತೆ. ಮತ್ತೆ ಕೂಗಿದ. ಎಲ್ಲರೂ ನೋಡುತ್ತಿದ್ದರು. ನನಗಿರುವವರು ನೀನು, ನಿನ್ನಪ್ಪ, ಇಬ್ಬರೇ ಎಂದು ಅವನಿಗೂ ಗೊತ್ತು. ಅವನ ಯೋಚನೆ ನಿನ್ನ ಹತ್ತಿರ ಹೋಗುವ ಮೊದಲು ಹೇಳಿಬಿಡಬೇಕು ಅನ್ನಿಸಿತು. "ನನಗೇ" ಅಂದೆ.

ಯೋಚಿಸಿ ಹೇಳಿದ್ದಲ್ಲ. ಹೇಳಿದಮೇಲೆ ಹಿಂತೆಗೆದುಕೊಳ್ಳಲೂ ಇಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಊಟ ಬಿಟ್ಟರು. ಕೊನೆಯವಳು ಹೋಗುವಾಗ ಅತ್ತಳು, ಮನೆಯವರು ಒಪ್ಪುತ್ತಿಲ್ಲ ಅಂದಳು. ನೀನು ಬಂದು ಇದನ್ನೆಲ್ಲ ನೋಡಬಾರದು ಅಂತಲೇ ಈ ವರ್ಷ ಬೇಡ ಅಂದದ್ದು. ನಿನ್ನನ್ನು ದೂರ ಇಡಲು ಅಲ್ಲ. ಹಾಗೆ ಹೇಗೆ ತಿಳಿದುಕೊಂಡೆ?

ನನಗೆ ನೋವಾಗುವುದು ಒಂದೇ. ನಿನ್ನ ಮಾವ ಲಾರಿ ಓಡಿಸುತ್ತಿದ್ದರಲ್ಲ, ಅವರೇ ತಂದು ಹಚ್ಚಿ ಸತ್ತರು ಎಂದು ಜನ ಆಡಿಕೊಳ್ಳುತ್ತಿದ್ದಾರೆ. ತಮ್ಮ ಪಾಡಿಗೆ ಹೃದಯ ನಿಂತು ಹೋದ ಮನುಷ್ಯ. ಅವರ ಫೋಟೊ ಒರೆಸುವಾಗ ಮುಖ ನೋಡಲು ಆಗುವುದಿಲ್ಲ.

ನಿನ್ನಪ್ಪನಿಗೆ ಏನೂ ಹೇಳಕೂಡದು. ನನ್ನ ಮೇಲೆ ಆಣೆ.

ಅತ್ತೆ


ಸಾಲ್ಫರ್ಡ್
29 ಜೂನ್ 2025

ಅತ್ತೆ,

ಆಣೆ ಮುರಿದೆ.

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಕಾಲುವೆ ದಂಡೆಗೆ ಹೋಗಿ ಕೂತು ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪ, ಕಾಯಿಲೆ ಇರೋದು ಅತ್ತೆಗಲ್ಲ. ನನಗೆ" ಅಂದೆ. "ಏನಂದಿ?" ಅಂದರು. ಇನ್ನೊಂದು ಸಲ ಹೇಳಿದೆ. ನೀನು ಆಸ್ಪತ್ರೆಗೆ ಯಾಕೆ ಹೋದೆ, ಹಾಲಪ್ಪನಿಗೆ ಯಾಕೆ ಹಾಗಂದೆ, ಎಲ್ಲ ಹೇಳಿದೆ. ಅವರು ಮಾರ್ಕೆಟ್ ಹತ್ತಿರ ಇದ್ದರೇನೋ, ಆಟೋಗಳ ಸದ್ದಷ್ಟೇ ಬರುತ್ತಿತ್ತು. "ನಾನು ಚೆನ್ನಾಗಿದ್ದೀನಪ್ಪ. ಈಗ ರಕ್ತದಲ್ಲಿ ವೈರಸ್ ಕಾಣ್ತಾನೇ ಇಲ್ಲ" ಅಂದೆ. "ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟರು. ಇನ್ನೂ ಮಾಡಿಲ್ಲ. ನಾನು ಮಾಡಿದರೆ ಎತ್ತುವುದಿಲ್ಲ.

ಡಾಕ್ಟರ್ ಶುಭಾ ಅವರ ಬಳಿ ಹೋಗಿ ಇಂಜೆಕ್ಷನ್ ಬೇಡ, ಮಾತ್ರೆಯೇ ಇರಲಿ ಅಂದೆ. "ಯಾಕೆ ಮನಸ್ಸು ಬದಲಾಯ್ತು?" ಅಂದರು. "ನಮ್ಮೂರಲ್ಲಿ ಸಿಗೋದು ಅದೇ ಮೇಡಂ" ಅಂದೆ. ಡಿಸೆಂಬರಿನಲ್ಲಿ ಬರುತ್ತೇನೆ. ನಿನ್ನ ಮನೆಯಲ್ಲೇ ಇಳಿಯುತ್ತೇನೆ, ಅಪ್ಪ ಏನೇ ಅನ್ನಲಿ. ಹಾಲಪ್ಪನ ಮುಂದೆಯೂ ನಿಜ ಹೇಳಲು ತಯಾರಿದ್ದೇನೆ.

ಸಿಟ್ಟಾದರೂ ಬರೆ.

ಸಾತ್ವಿಕ್


ದಾವಣಗೆರೆ
20 ಜುಲೈ 2025

ಸಾತ್ವಿಕ,

ಸಿಟ್ಟು ಬಂತು. ಎರಡು ದಿನ ಇತ್ತು, ಹೋಯಿತು.

ಹಾಲಪ್ಪನಿಗೆ ಹೇಳುವ ಶೌರ್ಯ ಬೇಡ. ಇಲ್ಲಿ ಆಗಬೇಕಾದ್ದೆಲ್ಲ ಆಗಿ ಹೋಗಿದೆ. ನೀನು ಹೇಳಿದರೆ ಹುಡುಗಿಯರೇನು ಊಟಕ್ಕೆ ವಾಪಸು ಬರುವುದಿಲ್ಲ, ನಿನ್ನ ಹೆಸರೂ ಸೇರುತ್ತದೆ ಅಷ್ಟೆ. ನಿನ್ನ ಮಾವನಿಗೆ ನಾನೇ ಫೋಟೊ ಮುಂದೆ ನಿಂತು ವಿಷಯ ತಿಳಿಸಿದ್ದೇನೆ.

ಮೊನ್ನೆ ಸೋಮವಾರ ಬೆಳಗ್ಗೆ ನಿನ್ನಪ್ಪ ಬಂದ. ಬಾಗಿಲಲ್ಲಿ ನಿಂತಿದ್ದ, ಎಷ್ಟು ಹೊತ್ತಿನಿಂದ ನಿಂತಿದ್ದನೋ, ನನಗೆ ಬಡಿದದ್ದು ಕೇಳಿಸಲಿಲ್ಲ. ಒಳಗೆ ಕರೆದೆ. ಕುರ್ಚಿಯ ಅಂಚಿನಲ್ಲಿ ಕೂತ. ಗಡ್ಡ ಬಿಟ್ಟಿದ್ದಾನೆ, ಬೆಳ್ಳಗಾಗಿದೆ. ಏನೋ ಹೇಳಿದ. "ಜೋರಾಗಿ ಹೇಳೋ ತಮ್ಮ" ಅಂದೆ. ಅವನು ಬೀದಿಯ ಕಡೆ ನೋಡಿದ. ಹಾಲಪ್ಪ ಸ್ಕೂಟರ್ ಒರೆಸುವುದನ್ನು ಬಿಟ್ಟು ಕಟ್ಟೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದ. ಇವನು ಮತ್ತೆ ತುಟಿ ಅಲ್ಲಾಡಿಸಿದ. ಹುಟ್ಟಿದಾಗಿನಿಂದ ಊರಿಗೇ ಕೇಳಿಸುವ ಹಾಗೆ ಮಾತಾಡಿದವನು, ಅವತ್ತು ಅವನ ದನಿ ಮೇಲೇಳಲಿಲ್ಲ. ನನಗೋ ಕೂಗಿದ್ದಷ್ಟೇ ಕೇಳಿಸುತ್ತದೆ.

ರೊಟ್ಟಿ ತಟ್ಟಿ ತಟ್ಟೆ ಮುಂದಿಟ್ಟೆ. ಹೊರಗೆ ಹೋಗಿಬಿಡುತ್ತಾನೆ ಎಂದುಕೊಂಡೆ. ತಿಂದ. ತಟ್ಟೆಯನ್ನು ತಾನೇ ತೊಳೆದಿಟ್ಟ. ಯಾವತ್ತೂ ತೊಳೆದವನಲ್ಲ. ಯಾಕೆ ತೊಳೆದ ಎಂದು ನನಗೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ.

ಹೊರಡುವಾಗ ಅಡುಗೆಮನೆಗೆ ಬಂದು ನನ್ನ ಬಲಗಿವಿಗೆ ಬಾಯಿ ಹಚ್ಚಿದ. ಅವನ ಉಸಿರು ಬಿಸಿಯಿತ್ತು.

"ಅಕ್ಕ, ಅವನು ಊಟ ಮಾಡ್ತಾನಂತೇನು?"

"ಮಾಡ್ತಾನೆ" ಅಂದೆ.

"ಏನು ಮಾಡ್ಕೊಂತಾನೆ?"

ಇಷ್ಟು ಕಾಗದ ಬರೆದಿದ್ದೀಯ, ಮಾತ್ರೆ, ಇಂಜೆಕ್ಷನ್, ರಕ್ತ ಎಲ್ಲ ಬರೆದಿದ್ದೀಯ, ಹೊಟ್ಟೆಗೆ ಏನು ಹಾಕಿಕೊಳ್ಳುತ್ತೀಯ ಎಂದು ಬರೆದೇ ಇಲ್ಲ. ಬೆಳಗ್ಗೆ ಏನು, ಮಧ್ಯಾಹ್ನ ಏನು, ರಾತ್ರಿ ಏನು, ಎಲ್ಲ ಬಿಡಿಸಿ ಬರೆ. ಅವನು ಮತ್ತೆ ಬರುತ್ತೇನೆ ಅಂದಿದ್ದಾನೆ. ಕೇಳುತ್ತಾನೆ.

ಅತ್ತೆ